ಕಡಿಯಾಳಿಯಿಂದ ದುಬೈ: ದೂರವೆಷ್ಟು, ಹೊತ್ತೆಷ್ಟು

ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ, ಮಹಿಷಮರ್ದಿನಿ ದೇವಸ್ಥಾನದಿಂದ ಹೆಸರಾದ ಕಡಿಯಾಳಿಯಿಂದಾಗಲಿ, ಕಾಪು, ಕಾರ್ಕಳಗಳಿಂದಾಗಲಿ ಕೊಲ್ಲಿ ದೇಶಗಳಿಗೆ ಉದ್ಯೋಗಕ್ಕೆ ಹೊರಟವರು ಮೊದಲು ಮಂಗಳೂರಿನ ಬಜಪೆ ವಿಮಾನ ನಿಲ್ದಾಣವನ್ನು ಮುಟ್ಟಬೇಕು. ಕಡಿಯಾಳಿಯಿಂದ ಅಲ್ಲಿಗೆ ಸುಮಾರು 60 ಕಿ.ಮೀ. ರಸ್ತೆಯಿದ್ದು, ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿ, ಕಟೀಲಿನ ಮೂಲಕ ಸಾಗಿದರೂ ಒಂದೂವರೆ ಗಂಟೆ ಬೇಕಾಗುತ್ತದೆ.

ಬಜಪೆಯಿಂದ ದುಬೈಗೆ ವಿಮಾನದ ದೂರ ಸುಮಾರು 2,450 ಕಿ.ಮೀ. ಈ ದೂರವನ್ನು ಅಳೆಯುವುದು ಮಹಾವೃತ್ತದ ಮೇಲೆ, ಅಂದರೆ ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಹೊಂದಿ ಭೂಗೋಳವನ್ನು ಸುತ್ತುವ ವೃತ್ತದ ಮೇಲೆ. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅದಕ್ಕಿಂತ ಹತ್ತಿರದ ದಾರಿಯಿಲ್ಲ. 2021ರ ಜನವರಿ 9ರಂದು ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟಾಗ ಶಾಂತಸಾಗರವನ್ನು ಅಡ್ಡ ದಾಟದೆ ಉತ್ತರ ಧ್ರುವದ ಮೇಲಿಂದ ಬಂದದ್ದು ಇದೇ ಕಾರಣಕ್ಕೆ. ಆ ಎರಡು ನಗರಗಳ ನಡುವಿನ ನೇರ ದೂರ ಸುಮಾರು 14,000 ಕಿ.ಮೀ., ಹಾರಾಟ ಸುಮಾರು 17 ಗಂಟೆ.

ಗಂಟೆಗೆ 850 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ದುಬೈಗೆ ಮೂರು ಗಂಟೆಯೂ ಹಿಡಿಯಬಾರದು. ಆದರೆ ಟಿಕೆಟ್ಟಿನಲ್ಲಿ ಸುಮಾರು ಮೂರೂವರೆ ಗಂಟೆ ಎಂದಿರುತ್ತದೆ. ವಿಮಾನ ನಿಂತ ಜಾಗ ಬಿಟ್ಟ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನ ಈ ಅವಧಿಗೆ ಬ್ಲಾಕ್ ಟೈಮ್ ಎಂದು ಹೆಸರು. ರನ್‌ವೇವರೆಗಿನ ಓಟ, ನಿಧಾನವಾದ ಏರಿಳಿತ ಎಲ್ಲವೂ ಅದರಲ್ಲಿ ಸೇರಿವೆ. ಇದಲ್ಲದೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವು ಚಳಿಗಾಲದಲ್ಲಿ ಕೊಲ್ಲಿಯ ಕಡೆ ಪ್ರಬಲವಾಗಿರುವುದರಿಂದ ಹೋಗುವಾಗ ಎದುರುಗಾಳಿಯಾಗಿ ತಡೆಯುತ್ತದೆ, ಊರಿಗೆ ಬರುವಾಗ ಹಿಂದಿನಿಂದ ತಳ್ಳಿ ಕೆಲವು ನಿಮಿಷಗಳನ್ನು ಉಳಿಸುತ್ತದೆ.

ಆದರೂ ಕರಾವಳಿಯ ಪ್ರಯಾಣಿಕರ ಹೊತ್ತನ್ನು ನಿಜವಾಗಿ ಉಳಿಸಿದ್ದು ಗಾಳಿಯಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದು ಆರಂಭವಾದ ಬಜಪೆ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಹಾರಲು 2006ರ ಅಕ್ಟೋಬರ್ 3ರವರೆಗೆ ಕಾಯಬೇಕಾಯಿತು. ಅದಕ್ಕೆ ಮೊದಲು ಅನೇಕರು ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು. ಆಕಾಶದ ಲೆಕ್ಕದಲ್ಲಿ ಮಂಗಳೂರಿನಿಂದ ಮುಂಬಯಿಗೆ ಸುಮಾರು 710 ಕಿ.ಮೀ., ಅಲ್ಲಿಂದ ದುಬೈಗೆ ಸುಮಾರು 1,930. ಕೂಡಿಸಿದರೆ ನೇರ ದಾರಿಗಿಂತ ಹೆಚ್ಚಾಗುವುದು ಸುಮಾರು 190 ಕಿ.ಮೀ.ಯಷ್ಟೇ. ಆ ಅಲ್ಪ ಅಂತರದ ಹಿಂದೆ ರಾತ್ರಿಯಿಡೀ ಬಸ್ಸಿನ ಪ್ರಯಾಣ, ಮುಂಬಯಿಯಲ್ಲಿ ನೆಂಟರ ಮನೆಯ ತಂಗು, ರಜೆಯಲ್ಲಿ ಕಳೆದುಹೋಗುವ ದಿನಗಳು ಅಡಗಿದ್ದವು. ಕಿಲೋಮೀಟರಿನಲ್ಲಿ ಅಳೆದ ದೂರ ಪ್ರಯಾಣಿಕನ ಕಷ್ಟವನ್ನು ಹೇಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಜಿಲ್ಲೆಯಲ್ಲಿ ಸಿಗಲಾರದು.

ಇಂದಿಗೂ ರಸ್ತೆಯ ಒಂದೂವರೆ ಗಂಟೆ, ತಪಾಸಣೆಗಾಗಿ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕಾದ ಕಟ್ಟಳೆ, ಹಾರಾಟದ ಮೂರೂವರೆ ಗಂಟೆ ಸೇರಿ ಕಡಿಯಾಳಿ–ದುಬೈ ಪ್ರಯಾಣ ಎಂಟು ಗಂಟೆಗಳದು; ಅದರಲ್ಲಿ ಆಕಾಶದ ಪಾಲು ಅರ್ಧಕ್ಕಿಂತ ಕಡಿಮೆ.

ಮೊದಲ ಬಾರಿ ಹೊರಟವರು ಗಮನಿಸಬೇಕಾದ ಇನ್ನೊಂದು ವಿಷಯವೆಂದರೆ, ಟಿಕೆಟ್ಟಿನಲ್ಲಿ ಹೊರಡುವ ಮತ್ತು ತಲುಪುವ ವೇಳೆಗಳು ಆಯಾ ಊರಿನ ಗಡಿಯಾರದವು. ದುಬೈ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಬೆಳಿಗ್ಗೆ 8ಕ್ಕೆ ಬಜಪೆ ಬಿಟ್ಟ ವಿಮಾನ ಅಲ್ಲಿನ 10 ಗಂಟೆಗೆ ತಲುಪುತ್ತದೆ. ಆ ಹೊತ್ತಿಗೆ ಕಡಿಯಾಳಿಯ ಮನೆಯಲ್ಲಿ ಹನ್ನೊಂದೂವರೆಯಾಗಿರುತ್ತದೆ.