ವಿದ್ಯುತ್ ಪೆಟ್ಟಿಗೆಯ ಅಳತೆ

ಐಚ್ಛಿಕ ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಹಿಡಿದು ಕೊನೆಯ ವರ್ಷದ ಬಿ.ಎ. ಓದುತ್ತಿರುವವಳಿಗೆ ಬ್ಯಾಟರಿಯ ಗೊಡವೆ ಏಕೆಂದು ಸಹಪಾಠಿ ಮಿತ್ರರು ನಗಬಹುದು. ನಗಲಿ. ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ, 'ಇದು ನನ್ನ ಪಠ್ಯದಲ್ಲಿಲ್ಲ' ಎಂದು ಹೇಳಿ ಜಾರಿಕೊಳ್ಳುವ ಸ್ವಾತಂತ್ರ್ಯ ಇರುವುದಿಲ್ಲ. ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ, ಇಂಗ್ಲಿಷಿನಲ್ಲಿ ಅಚ್ಚಾದ ಯಾವುದೇ ಹಾಳೆ ಮನೆಗೆ ಬಂದರೂ ಅದು ನೇರವಾಗಿ ನನ್ನ ಮುಂದೆ ಬಂದು ಕೂಡುತ್ತದೆ. ಕಳೆದ ಬೇಸಿಗೆಯಲ್ಲಿ ಹಾಗೆ ಬಂದು ಕುಳಿತದ್ದು ಒಂದು ವಿದ್ಯುತ್ ಪೆಟ್ಟಿಗೆಯ ಬಣ್ಣದ ಹಾಳೆ.

ಈ ಪೆಟ್ಟಿಗೆಯನ್ನು ಕಾಣದವರಿಗಾಗಿ ಒಂದು ಮಾತು. ಒಳಗೆ ಬ್ಯಾಟರಿ, ಅದಕ್ಕೆ ಹೊಂದಿಕೊಂಡೇ ಇನ್ವರ್ಟರು, ಮುಖದ ಮೇಲೆ ಪ್ಲಗ್ಗು ಚುಚ್ಚುವ ತೂತುಗಳು, ತಲೆಯ ಮೇಲೆ ಎತ್ತಿಕೊಂಡು ಹೋಗಲು ಒಂದು ಹಿಡಿ. ಇಷ್ಟೇ ಅದರ ಸ್ವರೂಪ. ಇದಕ್ಕೆ ಅಂಗಡಿಯವರು ಇಟ್ಟಿರುವ ಹೆಸರು 'ಪೋರ್ಟಬಲ್ ಪವರ್ ಸ್ಟೇಷನ್'. ಬಳ್ಳಾರಿಯವರಾದ ನಮಗೆ ಪವರ್ ಸ್ಟೇಷನ್ ಎಂದರೆ ಕುಡಿತಿನಿಯದು; ಎರಡು 500 ಮೆಗಾವಾಟ್ ಮತ್ತು ಒಂದು 700 ಮೆಗಾವಾಟ್ ಘಟಕ ಸೇರಿ 1700 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರ. ಅದೇ ಹೆಸರನ್ನು ಹೊತ್ತು ಎಂಟು ಕಿಲೋ ತೂಕದ ಪೆಟ್ಟಿಗೆಯೊಂದು ಬಂದಾಗ, ನಮ್ಮ ಓಣಿಯ ಪುಟ್ಟ ಹುಡುಗನನ್ನು 'ಭೀಮಸೇನ' ಎಂದು ಕರೆದ ನೆನಪಾಗಿ ನನಗೂ ನಗು ಬಂದಿತು.

ಆದರೆ ನಮ್ಮ ಮನೆಗೆ ಅದು ನಗುವ ವಿಷಯವಾಗಿರಲಿಲ್ಲ. ಕೌಲ್ ಬಜಾರಿನ ಕಡೆ ಬಾಡಿಗೆಯ ಎರಡು ಕೋಣೆಗಳಲ್ಲಿ ನಮ್ಮ ವಾಸ. ಅಮ್ಮ ಜೀನ್ಸ್ ಪ್ಯಾಂಟುಗಳನ್ನು ಪೀಸಿನ ಲೆಕ್ಕಕ್ಕೆ ಹೊಲಿಯುತ್ತಾಳೆ. ಬೆಳಗ್ಗೆ ಕತ್ತರಿಸಿದ ಬಟ್ಟೆಯ ಗಂಟು ಬರುತ್ತದೆ, ಸಂಜೆ ಹೊಲಿದದ್ದು ಹೋಗಬೇಕು. ನಡುವೆ ಕರೆಂಟು ಹೋಗಿ ಗಂಟು ಅರ್ಧಕ್ಕೆ ನಿಂತರೆ ಆ ದಿನದ ಕೂಲಿ ಹೋಗುವುದು ಮಾತ್ರವಲ್ಲ, ಮರುದಿನದ ಗಂಟು ಬೇರೆ ಮನೆಯ ಬಾಗಿಲಿಗೆ ಹೋಗುತ್ತದೆ. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಿ ಇಟ್ಟಿದ್ದಳು. ಬೆಂಗಳೂರು ರಸ್ತೆಯ ಒಂದು ಅಂಗಡಿಯಲ್ಲಿ, "ದೊಡ್ಡದ ತಗೋರಿ ಅಣ್ಣಾ, ಮುಂದ ಉಪಯೋಗಕ್ಕ ಬರ್ತೈತಿ" ಎಂದು ಅಪ್ಪನಿಗೆ ಹೇಳಿ ಕಳುಹಿಸಿದ್ದರು. ಆ ದೊಡ್ಡದಕ್ಕೆ ಅಮ್ಮನ ಎಂಟು ತಿಂಗಳ ಹೊಲಿಗೆಯ ಕೂಲಿ ಬೇಕಿತ್ತು. ಅಪ್ಪನಿಗೆ ದೊಡ್ಡದರ ಮೇಲೆಯೇ ಮನಸ್ಸು. ಅಮ್ಮ ಮಾತ್ರ ಹಾಳೆಯನ್ನು ನನ್ನ ಕಡೆಗೆ ಸರಿಸಿ, "ಓದಿದಾಕಿ ನೀನದಿ, ನೀನ ಹೇಳವ್ವ, ನಮಗ ಎಷ್ಟು ಸಾಕು?" ಎಂದಳು. ಟೇಲರಳಲ್ಲವೇ, ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ.

ಹಾಳೆಯ ತುಂಬ ಅಂಕಿಗಳು. ಅವುಗಳಲ್ಲಿ ಎರಡೇ ನಮಗೆ ಮುಖ್ಯವೆಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಕೆರೆಯ ದೃಷ್ಟಾಂತದಿಂದ ಹೇಳಿದರೆ ಬೇಗ ಮನವರಿಕೆಯಾಗುತ್ತದೆ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಒಂದು ಲೆಕ್ಕ. ತೂಬಿನಿಂದ ಒಮ್ಮೆಗೆ ಎಷ್ಟು ಹರಿದೀತು ಎಂಬುದು ಬೇರೆ ಲೆಕ್ಕ. ಪೆಟ್ಟಿಗೆಯಲ್ಲಿ ತುಂಬಿರುವುದನ್ನು ವಾಟ್-ಗಂಟೆಗಳಲ್ಲಿ ಅಳೆಯುತ್ತಾರೆ, ಅದು ಕೆರೆ. ಒಮ್ಮೆಗೆ ಕೊಡಬಲ್ಲದ್ದನ್ನು ವಾಟ್‌ಗಳಲ್ಲಿ ಅಳೆಯುತ್ತಾರೆ, ಅದು ತೂಬು. ಮನೆಗೆ ಬರುವ ಬಿಲ್ಲಿನಲ್ಲಿ 'ಒಂದು ಯೂನಿಟ್' ಎಂದಿರುವುದು ಸಾವಿರ ವಾಟ್-ಗಂಟೆ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ನಮ್ಮ ಓಣಿಯಲ್ಲಿ ಬಹಳ ಮಂದಿ ಬಿಲ್ಲಿನ ಕೊನೆಯ ಸೊನ್ನೆಯನ್ನಷ್ಟೇ ನೋಡಿ ಮಡಚಿಡುತ್ತಾರೆ, ಯೂನಿಟ್ಟಿನ ಸಾಲನ್ನು ಓದುವವರಿಲ್ಲ. ಪೆಟ್ಟಿಗೆ ಕೊಳ್ಳುವವರು ಮೊದಲು ಓದಬೇಕಾದದ್ದು ಆ ಸಾಲನ್ನೇ.

ಇನ್ನೊಂದು ಅಂಕಿ ಕಣ್ಣು ಕೋರೈಸುವಂಥದು: ಎರಡು ಲಕ್ಷ ಮಿಲಿ ಆಂಪಿಯರ್-ಗಂಟೆ! ಕೇಳಿದವರಿಗೆ ಕುಡಿತಿನಿಯೇ ಮನೆಗೆ ಬಂದಂತೆ ಅನ್ನಿಸೀತು. ಆದರೆ ಆ ಅಂಕಿಗೆ ವೋಲ್ಟನ್ನು ಗುಣಿಸದೆ ಅರ್ಥವಿಲ್ಲ. ಒಳಗಿನ ಒಂದೊಂದು ಕೋಶ 3.7 ವೋಲ್ಟಿನದಾದರೆ, ಎರಡು ಲಕ್ಷವೆಂಬುದು 740 ವಾಟ್-ಗಂಟೆ, ಎಂದರೆ ಮುಕ್ಕಾಲು ಯೂನಿಟ್. ಕೋಶ 3.2 ವೋಲ್ಟಿನದಾದರೆ 640ಕ್ಕೆ ಇಳಿಯುತ್ತದೆ. ಇಷ್ಟು ಗುಣಾಕಾರಕ್ಕೆ ಹತ್ತನೆಯ ತರಗತಿಯ ಗಣಿತ ಸಾಕು.

ಇನ್ನು ನಮ್ಮ ಮನೆಗೆ ಬೇಕಾದದ್ದು ಎಷ್ಟು? ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿಂದ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರೊಂದನ್ನು ಕಡ ತಂದೆನು. ಜೊತೆಗೆ ಹಳೆಯ ನೋಟುಪುಸ್ತಕದಲ್ಲಿ ಒಂದು ತಿಂಗಳು ಕರೆಂಟು ಹೋದ ಹೊತ್ತು, ಬಂದ ಹೊತ್ತುಗಳನ್ನು ಬರೆದಿಟ್ಟೆನು. ಬಹುಪಾಲು ಒಂದು ಗಂಟೆಯ ಒಳಗಿನವು. ಅತಿ ದೀರ್ಘವಾದದ್ದು ಮೂರು ಗಂಟೆಯದು. ಆದ್ದರಿಂದ ಮೂರು ಗಂಟೆಯನ್ನೇ ಅಳತೆಗೋಲಾಗಿ ಹಿಡಿದೆವು.

ಮೀಟರು ತೋರಿಸಿದ ಸಂಗತಿ ನನ್ನನ್ನು ಬೆರಗುಗೊಳಿಸಿತು. ಅಮ್ಮನ ಯಂತ್ರಕ್ಕೆ ಇದ್ದದ್ದು ಹಳೆಯ ಕ್ಲಚ್ ಮೋಟಾರು, ಅರ್ಧ ಅಶ್ವಶಕ್ತಿಯದು. ಅಮ್ಮ ಕಾಲಿನಿಂದ ಒತ್ತಲಿ ಬಿಡಲಿ, ಸ್ವಿಚ್ಚು ಹಾಕಿರುವಷ್ಟು ಹೊತ್ತೂ ಅದು ಒಳಗೆ ಗುಯ್ಯೆಂದು ತಿರುಗುತ್ತಲೇ ಇರುತ್ತದೆ. ಬಟ್ಟೆ ತಿರುಗಿಸುವಾಗ, ದಾರ ಪೋಣಿಸುವಾಗ, ಪಕ್ಕದ ಮನೆಯವರೊಡನೆ ಮಾತನಾಡುವಾಗಲೂ ಸುಮಾರು 180 ವಾಟ್ ಉಣ್ಣುತ್ತಿತ್ತು; ಹೊಲಿಗೆಯೂ ಸೇರಿದರೆ ಸರಾಸರಿ 260. ಅದಲ್ಲದೆ ಇಂಥ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ಓಟದ ವಾಟಿನ ಹಲವು ಪಟ್ಟನ್ನು ಒಮ್ಮೆಗೇ ಎಳೆಯುತ್ತದೆ. ತೂಬು ಚಿಕ್ಕದಾದರೆ ಪೆಟ್ಟಿಗೆ ಅಲ್ಲಿಯೇ ಕೈಚೆಲ್ಲುತ್ತದೆ. ಸರ್ವೋ ಮೋಟಾರು ಹಾಗಲ್ಲ. ಅದು ಕಾಲು ಒತ್ತಿದಾಗ ಮಾತ್ರ ತಿರುಗಿ, ಬಿಟ್ಟಾಗ ಸುಮ್ಮನಾಗುತ್ತದೆ. ಮೇಲಿನ ಚೀಟಿಯಲ್ಲಿ 550 ವಾಟ್ ಎಂದಿದ್ದರೂ, ಪಕ್ಕದ ಓಣಿಯ ಒಂದು ಮನೆಯಲ್ಲಿ ಮೀಟರು ಹಾಕಿ ನೋಡಿದಾಗ ಸರಾಸರಿ 110 ಮಾತ್ರ ಬಂದಿತು.

ಆ ರಾತ್ರಿ ಎರಡು ಲೆಕ್ಕ ಬರೆದೆನು. ಹಳೆಯ ಮೋಟಾರು, 75 ವಾಟಿನ ಹಳೆಯ ಫ್ಯಾನು, 9 ವಾಟಿನ ಎರಡು ದೀಪ, ಒಂದು ಮೊಬೈಲು ಸೇರಿ ಮೂರು ಗಂಟೆಗೆ 1074 ವಾಟ್-ಗಂಟೆ. ಮೋಟಾರನ್ನೂ ಫ್ಯಾನನ್ನೂ ಬದಲಿಸಿ, 30 ವಾಟಿನ ಬಿ.ಎಲ್.ಡಿ.ಸಿ. ಫ್ಯಾನು ಹಾಕಿದರೆ 489. ಪೆಟ್ಟಿಗೆಯ ಇನ್ವರ್ಟರು ದಾರಿಯಲ್ಲಿ ತಿನ್ನುವ ಸುಂಕ ನೂರಕ್ಕೆ ಹದಿನೈದು ಎಂದಿಟ್ಟುಕೊಂಡು, ಬ್ಯಾಟರಿ ಹಳತಾದಾಗ ಬೇಕಾಗಬಹುದಾದ ಐದನೆಯ ಒಂದು ಪಾಲನ್ನು ಮೀಸಲಿಟ್ಟರೆ, ಮೊದಲನೆಯ ಲೆಕ್ಕಕ್ಕೆ 1580 ವಾಟ್-ಗಂಟೆಯ ಪೆಟ್ಟಿಗೆ ಬೇಕು, ಎರಡನೆಯದಕ್ಕೆ 720 ಸಾಕು. ತೂಬು 800 ವಾಟ್ ಇದ್ದರೆ ಸರ್ವೋ ಮೋಟಾರು ಪೂರ್ಣ ಬಲದಲ್ಲಿ ಓಡಿದಾಗಲೂ ತೊಂದರೆಯಿಲ್ಲ. ಮೋಟಾರು, ಫ್ಯಾನು, ಚಿಕ್ಕ ಪೆಟ್ಟಿಗೆ ಮೂರೂ ಸೇರಿ ಅಂಗಡಿಯವರು ಹೇಳಿದ ದೊಡ್ಡದಕ್ಕಿಂತ ಬಹಳ ಅಗ್ಗವಾದವು. ಅಮ್ಮ ನೋಟುಪುಸ್ತಕದ ಆ ಪುಟವನ್ನು ಎರಡು ಸಲ ಓದಿಸಿಕೊಂಡು, "ಹಂಗಾದ್ರ ಸಾಲ ಅರ್ಧ ತಗೊಂಡ್ರ ಸಾಕು" ಎಂದಳು.

ಅಪ್ಪ ಮಾತ್ರ, "ಇಸ್ತ್ರಿ ಪೆಟ್ಟಿಗಿ ನಡಿಯಂಗಿಲ್ಲೇನು ಹಂಗಾದ್ರ?" ಎಂದು ಕೇಳಿದ. ನಡೆಯುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಸಾವಿರ ವಾಟಿನದು. ಶಾಖ ಮಾಡುವ ಯಾವ ವಸ್ತುವೂ, ಒಲೆಯಾಗಲಿ ನೀರು ಕಾಯಿಸುವ ಕಾಯಿಲ್ಲಾಗಲಿ, ಬ್ಯಾಟರಿಗೆ ಬಕಾಸುರನಿದ್ದಂತೆ. ಇಸ್ತ್ರಿ ಕರೆಂಟು ಬರುವವರೆಗೆ ಕಾಯಬಹುದು, ಹೊಲಿಗೆ ಕಾಯಲಾರದು.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸ್ವಂತ ಮನೆ ಇದ್ದು, ಗೋಡೆಯೊಳಗೆ ತಂತಿ ಎಳೆಯಲು ಅನುಕೂಲವಿದ್ದವರು ಈ ಪೆಟ್ಟಿಗೆಯ ತಂಟೆಗೆ ಹೋಗದೆ ಸಾಧಾರಣ ಇನ್ವರ್ಟರನ್ನೇ ಹಾಕಿಸಿಕೊಳ್ಳುವುದು ಮೇಲು; ಬೆಲೆ ಕಡಿಮೆ. 12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಕಾಗದದ ಮೇಲೆ 1800 ವಾಟ್-ಗಂಟೆ; ಅದರ ಆಯುಸ್ಸು ಉಳಿಯಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. ತೂಕ ಐವತ್ತು ಕಿಲೋ ಮೀರುತ್ತದೆ, ಆಗಾಗ ಡಿಸ್ಟಿಲ್ಡ್ ನೀರು ಹಾಕಬೇಕು. ಮನೆಯೊಡೆಯರ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳುವ ನಮ್ಮಂಥವರಿಗೆ ಅದು ಒಗ್ಗುವುದಿಲ್ಲ.

ನಾವು ಆರಿಸಿದ್ದು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯದು. ಸಾವಿರಾರು ಸಲ ತುಂಬಿ ಬರಿದು ಮಾಡಿದರೂ ಬಾಳುತ್ತದೆ, ಇತರ ಲಿಥಿಯಂ ಜಾತಿಗಳಿಗಿಂತ ಬೆಂಕಿಯ ಭಯವೂ ಕಡಿಮೆ. ಇದರ ಚರಿತ್ರೆಯನ್ನು ಹುಡುಕಿದಾಗ ಒಂದು ಸಂಗತಿ ಸಿಕ್ಕಿತು. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು 1997ರಲ್ಲಿ ಅಮೆರಿಕದ ಟೆಕ್ಸಾಸಿನಿಂದ ಪ್ರಕಟವಾದ ಪ್ರಬಂಧದ ಕರ್ತೃಗಳು ಪಾಧಿ, ನಂಜುಂಡಸ್ವಾಮಿ ಮತ್ತು ಗುಡೆನಫ್. ಗುಡೆನಫ್ ಅವರಿಗೆ 2019ರಲ್ಲಿ ಲಿಥಿಯಂ ಬ್ಯಾಟರಿಗಾಗಿ ನೊಬೆಲ್ ಪ್ರಶಸ್ತಿಯ ಪಾಲು ಬಂದಿತು. ಆ ನಡುವಿನ ಹೆಸರನ್ನು ಓದಿದಾಗ ಹಾಜರಿ ಪುಸ್ತಕದಲ್ಲಿ ಸಹಪಾಠಿಯ ಹೆಸರು ಕೇಳಿದಂತಾಯಿತು.

ಪೆಟ್ಟಿಗೆಯ ಸುದ್ದಿ ಸಿರುಗುಪ್ಪಕ್ಕೆ ತಲುಪಲು ತಡವಾಗಲಿಲ್ಲ. ಅಲ್ಲಿ ಭತ್ತ ಬೆಳೆಯುವ ನನ್ನ ಸೋದರಮಾವ ದೂರವಾಣಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಪಂಪ್‌ಸೆಟ್ ಎತ್ತತೈತೇನವ್ವಾ?" ಎಂದು. ರಜೆಯಲ್ಲಿ ಹೋದಾಗ ಕಾಲುವೆಯ ಏರಿಯ ಮೇಲೆ ಕುಳಿತು ಲೆಕ್ಕ ತೋರಿಸಿದೆನು. ಒಂದು ಅಶ್ವಶಕ್ತಿಗೆ 746 ವಾಟ್, ಐದಕ್ಕೆ 3730. ಮೋಟಾರಿನ ನಷ್ಟ ಸೇರಿ ಅದು ಎಳೆಯುವುದು ಸುಮಾರು 4500. ನಮ್ಮ ಪೆಟ್ಟಿಗೆ ಅದನ್ನು ಎತ್ತುವುದೇ ಇಲ್ಲ. ಅದು ಮೂರು ಫೇಸಿನ ಮೋಟಾರು, ಇದು ಒಂದೇ ಫೇಸು ಕೊಡುವಂಥದು. ಎತ್ತಿತೆಂದೇ ಕಲ್ಪಿಸಿಕೊಂಡರೂ ಎಂಟು ನಿಮಿಷಕ್ಕೆ ಬರಿದಾದೀತು. ಮಾವ ಹೊಲದ ಕಡೆ ನೋಡಿ, "ಎಂಟು ನಿಮಿಷಕ್ಕ ಒಂದು ಮಡಿ ಸತೆ ತೋಯಂಗಿಲ್ಲ" ಎಂದು ನಕ್ಕುಬಿಟ್ಟ. ಪಂಪಿಗೆ ಸೌರ ಪಂಪೇ ದಾರಿ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆ ಅದಕ್ಕೆಂದೇ ಬಂದದ್ದು. ಬೆನ್ನಿಗೆ ಹೊರುವ ಔಷಧ ಸಿಂಪಡಿಸುವ ಯಂತ್ರಕ್ಕಾದರೆ ಮಾತು ಬೇರೆ. ಅದರ ಬ್ಯಾಟರಿ 12 ವೋಲ್ಟ್, 8 ಆಂಪಿಯರ್-ಗಂಟೆ, ನೂರು ವಾಟ್-ಗಂಟೆಯೂ ಇಲ್ಲ. ನಮ್ಮ ಪೆಟ್ಟಿಗೆಯಿಂದ ನಾಲ್ಕೈದು ಸಲ ತುಂಬಬಹುದು. ಆದರೆ ಅದಕ್ಕಾಗಿ ಇಷ್ಟು ಬೆಲೆಯ ಪೆಟ್ಟಿಗೆ ಕೊಳ್ಳುವುದು ಬೇಡವೆಂದು ನಾನೇ ತಡೆದೆನು.

ನಿಜವಾಗಿ ಯೋಚನೆಗೆ ಹಚ್ಚಿದ್ದು ಕುರುಗೋಡಿನ ಅಜ್ಜಿಯ ಪ್ರಸಂಗ. ಅವಳಿಗೆ ಉಬ್ಬಸ. ದಿನಕ್ಕೆ ಮೂರು ಸಲ ನೆಬ್ಯುಲೈಸರಿನಲ್ಲಿ ಔಷಧದ ಆವಿ ಎಳೆದುಕೊಳ್ಳಬೇಕು. ಯಂತ್ರ 120 ವಾಟಿನದು. ಹತ್ತು ನಿಮಿಷಕ್ಕೆ 20 ವಾಟ್-ಗಂಟೆ, ದಿನಕ್ಕೆ 60. ಇದು ನಮ್ಮ ಮನೆಯ ಲೆಕ್ಕದ ಎಂಟನೆಯ ಒಂದು ಪಾಲು, ಆದರೂ ತಪ್ಪುವಂತಿಲ್ಲ. ಹೊಲಿಗೆ ನಿಂತರೆ ಕೂಲಿ ಹೋಗುತ್ತದೆ, ಇಲ್ಲಿ ಉಸಿರು ಕಟ್ಟುತ್ತದೆ. ಅಪ್ಪ, "ಅವ್ವಗೂ ಒಂದು ಪೆಟ್ಟಿಗಿ ತರೋಣು" ಎಂದು ಹೊರಟಿದ್ದ. ವೈದ್ಯರನ್ನು ಕೇಳಿದಾಗ, ಅಜ್ಜಿಯ ಔಷಧಕ್ಕೆ ಹೊಂದುವಂಥ, ಬ್ಯಾಟರಿಯಿಂದಲೇ ನಡೆಯುವ ಕೈಹಿಡಿ ನೆಬ್ಯುಲೈಸರ್ ಇದೆಯೆಂದರು. ಅದೊಂದು, ಚಾರ್ಜಾಗುವ ಮೇಜಿನ ಫ್ಯಾನೊಂದು, ಅಜ್ಜಿಗೆ ಬೇಕಾದದ್ದು ಅಷ್ಟೇ. ಎಲ್ಲ ಔಷಧಗಳೂ ಕೈಹಿಡಿ ಯಂತ್ರಕ್ಕೆ ಒಗ್ಗುವುದಿಲ್ಲ, ಆದ್ದರಿಂದ ಕೇಳದೆ ಕೊಳ್ಳಬಾರದು. ಆಮ್ಲಜನಕದ ಕಾನ್‌ಸೆಂಟ್ರೇಟರ್ ಇರುವ ಮನೆಯವರಂತೂ ಚಿಕ್ಕ ಪೆಟ್ಟಿಗೆಯನ್ನು ನಂಬಿ ಕೂಡಬಾರದು; ಐದು ಲೀಟರಿನದು ಗಂಟೆಗೆ 300 ವಾಟ್-ಗಂಟೆ ಮೀರಿ ಉಣ್ಣುವಂಥದು, ನಮ್ಮದು ಎರಡು ಗಂಟೆಗೇ ಮುಗಿಯುತ್ತದೆ.

ಪೆಟ್ಟಿಗೆ ಈಗ ಅಮ್ಮನ ಯಂತ್ರದ ಕೆಳಗಿದೆ. ಮೊದಲು ಅಪ್ಪ ಅದನ್ನು ಹಿತ್ತಿಲ ತಗಡಿನ ಚಪ್ಪರದಲ್ಲಿಡಲು ಹೊರಟಿದ್ದ. ನಮ್ಮೂರಿನ ಬೇಸಿಗೆ 40 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಕೆಳಗೆ ಇನ್ನೂ ಹೆಚ್ಚು. ಇಂಥ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲಿನ ಶಾಖದಲ್ಲಿ ಚಾರ್ಜು ಮಾಡಬಾರದೆಂದು ಕೈಪಿಡಿಯಲ್ಲಿದೆ. ಆದ್ದರಿಂದ ಒಳಗೆ, ನೆಲದ ಮೇಲೆ, ಗೋಡೆಗೆ ಒಂದು ಗೇಣು ಬಿಟ್ಟು ಇಟ್ಟಿದ್ದೇವೆ. ಕರೆಂಟು ಹೋದಾಗ ಅಮ್ಮ ತಲೆಯೆತ್ತುವುದೂ ಇಲ್ಲ, ಕಾಲಿನಿಂದಲೇ ಅದರ ಗುಂಡಿ ಒತ್ತುತ್ತಾಳೆ. ಅಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಹಿಡಿದು ಬಾಗಿಲಲ್ಲಿ ನಿಂತು, "ಒಂದ ಅಂಗಿ ಅಷ್ಟ" ಎನ್ನುತ್ತಾನೆ. ಅಮ್ಮ ಇನ್ನೂ ಒಪ್ಪಿಲ್ಲ.