ಒಂಬತ್ತು ಹೆಜ್ಜೆ

ಬೇಸಿಗೆ ರಜೆಯಲ್ಲಿ ಮಗಳು-ಅಳಿಯನ ಜೊತೆ ಚೀನಾದ ಮಹಾಗೋಡೆ ನೋಡಿ ಬಂದೆನೆಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ವಿಚಾರಿಸಿದ್ದು ನನ್ನ ಮಂಡಿಯನ್ನು. ನೋಯಿತು, ನಿಜ. ಬೀಜಿಂಗ್‌ನಿಂದ ಸುಮಾರು 70 ಕಿ.ಮೀ. ದೂರದ ಬಾದಾಲಿಂಗ್‌ನಲ್ಲಿ ಗೋಡೆ ಬೆಟ್ಟದ ನೆತ್ತಿ ಹಿಡಿದೇ ಏರಿ ಇಳಿಯುತ್ತದೆ. 16ನೇ ಶತಮಾನದ ಆರಂಭದಲ್ಲಿ ಮಿಂಗ್ ಅರಸರು ಕಟ್ಟಿಸಿದ ಈ ಭಾಗವನ್ನು 1950ರ ದಶಕದಲ್ಲಿ ದುರಸ್ತಿ ಮಾಡಿ ಪ್ರವಾಸಿಗರಿಗೆ ತೆರೆದರು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬಂದದ್ದೂ ಇಲ್ಲಿಗೇ. ಈಗ ಹಿಡಿದು ಹತ್ತಲು ಕಬ್ಬಿಣದ ಕಂಬಿಯಿದೆ. ಜನವೋ, ನಮ್ಮೂರ ತೇರಿನ ದಿನದಷ್ಟು!

ಮಿಂಗ್ ಕಾಲದಲ್ಲಿ ಸುಣ್ಣದ ಗಾರೆಗೆ ಅಂಟಕ್ಕಿಯ ಗಂಜಿ ಬೆರೆಸುತ್ತಿದ್ದರಂತೆ. ಅನ್ನದ ಅಗುಳು ತಿಕ್ಕಿ ಲಕೋಟೆ ಅಂಟಿಸುತ್ತಿದ್ದ ಕಾಲದವಳು ನಾನು, ಯಾರೂ ವಿವರಿಸಬೇಕಾಗಲಿಲ್ಲ.

ನನ್ನ ಮನಸ್ಸು ಮಾತ್ರ ಬೇರೆಲ್ಲೋ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, “ಚಂದ್ರನಿಂದಲೂ ಕಾಣುವ ಗೋಡೆ” ಎಂದು ಏಳನೇ ತರಗತಿಗೆ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, “ನಮ್ಮೂರ ಕೆರೆ ಅದಕ್ಕಿಂತ ಅಗಲ ಇದೆಯಲ್ಲ ಟೀಚರ್, ಅದೂ ಕಾಣಿಸುತ್ತಾ?” ಎಂದಳು. “ತಲೆಹರಟೆ ಸಾಕು, ಕೂತ್ಕೋ” ಎಂದೆ. ತರಗತಿಯೆಲ್ಲ ನಕ್ಕಿತು. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ, ಭೂಮಿಯನ್ನು ಸುತ್ತಿ ಬಂದು, ತನಗೆ ಗೋಡೆ ಕಾಣಲಿಲ್ಲವೆಂದ. ಚಂದ್ರನಿರುವುದಂತೂ ಅದಕ್ಕಿಂತ ಎಷ್ಟೋ ಆಚೆ, ಸುಮಾರು 3,84,000 ಕಿ.ಮೀ. ದೂರದಲ್ಲಿ. ಅಂದಿನಿಂದ ಆ ವಾಕ್ಯವನ್ನು ಪಾಠದಿಂದ ಸದ್ದಿಲ್ಲದೆ ಬಿಟ್ಟೆ. ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ.

ಬಾದಾಲಿಂಗ್‌ನಲ್ಲಿ ಜನ ತುಸು ಕಡಿಮೆಯಾದಾಗ, ಸೆರಗು ಸಿಕ್ಕಿಸಿಕೊಂಡು ಗೋಡೆಯ ಈ ಅಂಚಿನಿಂದ ಆ ಅಂಚಿಗೆ ನಡೆದೆ. ಒಂಬತ್ತು ಹೆಜ್ಜೆ. ಮತ್ತೊಮ್ಮೆ ಎಣಿಸಿದೆ, ಅಷ್ಟೇ. “ಏನಮ್ಮಾ ಕಳೆದುಹೋಯ್ತು?” ಎಂದಳು ಮಗಳು.

ಆ ಹುಡುಗಿ ಈಗ ನಮ್ಮೂರಲ್ಲೇ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ನನ್ನ ರವಿಕೆಗಳನ್ನು ಹೊಲಿಯುವವಳೂ ಅವಳೇ! ಎಷ್ಟು ವರ್ಷಗಳಿಂದ ಅಳತೆ ಕೊಡುತ್ತ ನಿಂತಿದ್ದೇನೆ, ಈ ಮಾತು ಬಾಯಿಗೆ ಬಂದಿರಲಿಲ್ಲ. ಊರಿಗೆ ಬಂದ ವಾರವೇ ಹೋಗಿ, “ಅವತ್ತು ನೀನು ಕೇಳಿದ್ದು ಸರಿ ಕಣೇ, ತಪ್ಪು ನನ್ನದು” ಎಂದೆ.

ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. “ಅವತ್ತು ಮನೆಗೆ ಹೋಗಿ ಅತ್ತಿದ್ದೆ ಟೀಚರ್. ಆಮೇಲೆ ಕ್ಲಾಸಲ್ಲಿ ಏನೂ ಕೇಳ್ತಿರಲಿಲ್ಲ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, ಕೊರಳಲ್ಲಿದ್ದ ಟೇಪು ತೆಗೆಯುತ್ತ ಅವಳೇ ಕೇಳಿದಳು: “ನಿಜವಾಗಿ ಎಷ್ಟು ಅಗಲ ಇದೆ ಟೀಚರ್?”