ಬೀಗದ ಕೈ ಯಾರ ಕೈಯಲ್ಲಿ?

ಕನ್ನಡದಲ್ಲಿ ಬೀಗಕ್ಕೂ ಕೈ ಉಂಟು. ಬಾಗಿಲಿಗೆ ಬೀಗ ಜಡಿದು ಮೂರು ಸಲ ಜಗ್ಗಿ ನೋಡುವ ಗೃಹಸ್ಥನೇ ಆ ಕೈಯನ್ನು ತುಳಸಿಕಟ್ಟೆಯ ಗೂಡಿನಲ್ಲಿಟ್ಟು ನಿಶ್ಚಿಂತನಾಗಿ ಊರಿಗೆ ಹೊರಡುತ್ತಾನೆ. ಹಾಲಿನವನಿಗೂ ಗೊತ್ತು, ಹೂವಿನವಳಿಗೂ ಗೊತ್ತು. ಕಳ್ಳನೊಬ್ಬನಿಗೆ ಮಾತ್ರ ಗೊತ್ತಿಲ್ಲವೆಂಬುದು ಅವನ ದೃಢವಿಶ್ವಾಸ.

ಈಗ ನಮ್ಮ ಸೊತ್ತೆಲ್ಲ ಮನೆಯಲ್ಲಿಯೇ ಇರುವುದಿಲ್ಲ. ಅಂಕಪಟ್ಟಿ, ವೈದ್ಯರ ಚೀಟಿ, ಮದುವೆಯ ಭಾವಚಿತ್ರ ಎಲ್ಲವೂ ‘ಕ್ಲೌಡ್’ ಸೇರಿವೆ. ಯಕ್ಷನ ಗುಟ್ಟಿನ ಸಂದೇಶವನ್ನು ಮೇಘಕ್ಕೆ ಒಪ್ಪಿಸಿದ ಕಾಳಿದಾಸನನ್ನು ಬಲ್ಲ ನನಗೆ ಈ ಹೆಸರು ಹಿತವೆನಿಸಿದ್ದಿತು. ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ಶಿಷ್ಯನೊಬ್ಬ, “ಮೋಡವೂ ಇಲ್ಲ, ಮಳೆಯೂ ಇಲ್ಲ, ಸಾರ್. ಅದೊಂದು ಬಾಡಿಗೆಯ ಉಗ್ರಾಣ” ಎಂದು ನಕ್ಕ.

ಅಮೆಜಾನ್ ಕಂಪೆನಿ 2006ರಲ್ಲಿ ತೆರೆದ ಇಂಥ ಉಗ್ರಾಣದಲ್ಲಿ ಮಾಹಿತಿ ತುಂಬಿಡುವ ಪಾತ್ರೆಗೆ ‘ಬಕೆಟ್’ ಎಂದೇ ಹೆಸರು. ಬಚ್ಚಲಿನ ಬಕೆಟ್ಟಿಗೆ ಯಾರೂ ಬೀಗ ಹಾಕುವುದಿಲ್ಲ. ಅಲ್ಲಿಯೂ ಕೆಲವರು ಹಾಕಲಿಲ್ಲ. 2017ರ ಜೂನಿನಲ್ಲಿ ಅಮೆರಿಕದ ಸುಮಾರು 19 ಕೋಟಿ 80 ಲಕ್ಷ ಮತದಾರರ ಹೆಸರು, ವಿಳಾಸ, ಜನ್ಮದಿನಾಂಕಗಳು ತೆರೆದ ಬಕೆಟ್ಟಿನಲ್ಲಿ ಕಂಡುಬಂದವು. ದಾರಿ ತಿಳಿದವರು ಯಾರು ಬೇಕಾದರೂ ಮೊಗೆದುಕೊಳ್ಳಬಹುದಾಗಿದ್ದಿತು. 2023ರ ಏಪ್ರಿಲಿನಿಂದ ಅಮೆಜಾನ್ ಹೊಸ ಬಕೆಟ್ಟುಗಳನ್ನು ಮುಚ್ಚಳ ಹಾಕಿಯೇ ಕೊಡುತ್ತಿದೆ. ಅದನ್ನು ತೆಗೆಯುವ ಸ್ವಾತಂತ್ರ್ಯ ಬಾಡಿಗೆದಾರನಿಗೆ ಇದ್ದೇ ಇದೆ.

ಮುಚ್ಚಳ ಭದ್ರವಾಗಿದ್ದರೂ ಬೀಗದ ಕೈಯ ಚಿಂತೆ ತೀರದು. ಪ್ರೋಗ್ರಾಮುಗಳನ್ನು ಪರೀಕ್ಷಿಸಿ, ಜೋಡಿಸಿ, ಬಳಕೆಗೆ ಸಾಗಿಸುವ ಸ್ವಯಂಚಾಲಿತ ವ್ಯವಸ್ಥೆಗೆ ‘ಪೈಪ್‌ಲೈನ್’ ಎನ್ನುತ್ತಾರೆ. ನಿದ್ರೆಯಿಲ್ಲದ ಈ ಆಳಿಗೆ ಹಲವು ಬಾಗಿಲುಗಳ ಬೀಗದ ಕೈ ಬೇಕು. ಅದು ಅಕ್ಷರ, ಅಂಕೆಗಳ ಒಂದು ಉದ್ದನೆಯ ಸಾಲು, ಅಷ್ಟೆ. ಅವಸರದಲ್ಲಿ ಅದನ್ನು ಪ್ರೋಗ್ರಾಮಿನೊಳಗೇ ಬರೆದುಬಿಡುವವರುಂಟು. ಆಮೇಲೆ ಅಳಿಸಿದರೂ ಹೋಗದು; ಹಳೆಯ ಪ್ರತಿಗಳು ಕಡತದಲ್ಲಿ ಉಳಿದಿರುತ್ತವೆ. ಬೀಗವನ್ನೇ ಬದಲಿಸಬೇಕು. ಟೊಯೋಟ ಕಂಪೆನಿಯ ಅಂಥದೊಂದು ಕೈ 2017ರ ಡಿಸೆಂಬರಿನಿಂದ 2022ರ ಸೆಪ್ಟೆಂಬರಿನವರೆಗೆ ಗಿಟ್‌ಹಬ್ಬಿನಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದಿತು. ಅದು ತೆರೆಯುವ ಬಾಗಿಲ ಹಿಂದೆ 2,96,019 ಗ್ರಾಹಕರ ಇ-ಮೇಲ್ ವಿಳಾಸಗಳು!

2021ರಲ್ಲಿ ಕೋಡ್‌ಕವ್ ಎಂಬ ಸಂಸ್ಥೆಯ ಉಪಕರಣವೊಂದನ್ನು ಯಾರೋ ಗುಟ್ಟಾಗಿ ತಿದ್ದಿದರು. ಅದನ್ನು ಬಳಸಿದ ಪೈಪ್‌ಲೈನುಗಳಿಂದ ಬೀಗದ ಕೈಗಳು ಎರಡು ತಿಂಗಳ ಕಾಲ ಸದ್ದಿಲ್ಲದೆ ಹೊರಗೆ ಸೋರಿದವು. ಅದನ್ನು ಕಂಡುಹಿಡಿದವನು ಪೊಲೀಸನಲ್ಲ. ತನಗೆ ಬಂದ ಪ್ರತಿಯನ್ನು ಪ್ರಕಟವಾದ ಗುರುತಿನೊಡನೆ ತಾಳೆ ನೋಡಿದ ಒಬ್ಬ ಗ್ರಾಹಕ. ದಿನಸಿಯ ಚೀಟಿಯನ್ನು ಎರಡು ಸಲ ಕೂಡಿ ನೋಡುವ ನಮ್ಮ ತಾಯಂದಿರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

ನನ್ನನ್ನು ಹೆಚ್ಚು ಕಾಡುವುದು 2016ರ ಊಬರ್ ಪ್ರಕರಣ. ಎಂಜಿನಿಯರುಗಳ ಖಾಸಗಿ ಕಡತದಲ್ಲಿ ಬೀಗದ ಕೈ ಕಳ್ಳರಿಗೆ ಸಿಕ್ಕಿತು. 5 ಕೋಟಿ 70 ಲಕ್ಷ ಜನರ ವಿವರ ಹೋಯಿತು. ಅಮೆರಿಕದ ಸುಮಾರು 6 ಲಕ್ಷ ಚಾಲಕರ ಲೈಸೆನ್ಸ್ ಸಂಖ್ಯೆಗಳೂ ಅದರಲ್ಲಿದ್ದವು. ಕಂಪೆನಿ 1 ಲಕ್ಷ ಡಾಲರ್ ತೆತ್ತು ಬಾಯಿ ಮುಚ್ಚಿಸಿತು. ಜಗತ್ತಿಗೆ ತಿಳಿದದ್ದು 2017ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಆ ಚಾಲಕರು ಏನನ್ನೂ ಅರಿಯದೆ ಹೊಟ್ಟೆಪಾಡಿಗಾಗಿ ಬಂಡಿ ಓಡಿಸುತ್ತಿದ್ದರು. ತುಳಸಿಕಟ್ಟೆಯ ಗೃಹಸ್ಥ ಕಳೆದುಕೊಂಡರೆ ತನ್ನ ಮನೆಯದನ್ನೇ ಕಳೆದುಕೊಂಡಾನು; ಇಲ್ಲಿ ಕೈ ಬಿಟ್ಟವರು ಒಬ್ಬರು, ಸೂರೆಹೋದವರು ಇನ್ನೊಬ್ಬರು.

ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ನಿರುಪಯೋಗಿಯಾಗುವ ಬೀಗದ ಕೈಗಳೂ ಈಗ ಉಂಟಂತೆ. ಒಬ್ಬೊಬ್ಬರಿಗೆ ಬೇಕಾದ ಬಾಗಿಲಿನದನ್ನಷ್ಟೇ ಕೊಡಬೇಕೆಂಬುದು ಇನ್ನೊಂದು ವಿವೇಕ. ಅಡಿಗೆಯವನಿಗೆ ಉಗ್ರಾಣದ್ದು ಸಾಕು, ತಿಜೋರಿಯದೇಕೆ? ಇವೆಲ್ಲ ಎಂಜಿನಿಯರುಗಳ ಕೆಲಸ. ನಮ್ಮ ಪಾಲಿಗೂ ಒಂದು ಉಳಿದಿದೆ: ಕೊಡದೆ ಇದ್ದದ್ದು ಸೋರಲಾರದು. ಮೊನ್ನೆ ಮಗಳನ್ನು ನೃತ್ಯಶಾಲೆಗೆ ಸೇರಿಸಹೋದಾಗ ಅರ್ಜಿಯಲ್ಲಿ ಆಧಾರ್ ಸಂಖ್ಯೆಗೂ ಒಂದು ಜಾಗವಿದ್ದಿತು. ಇದೇಕೆಂದು ಕೇಳಿದೆ. ಗುರುಗಳು ಕ್ಷಣಕಾಲ ಯೋಚಿಸಿ, “ಹೆಜ್ಜೆ ಹಾಕಲು ಅದೇನೂ ಬೇಕಿಲ್ಲ, ಬಿಡಿ” ಎಂದರು.